ಎಡಗಡೆಯ ಸದ್ದು

ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಸಿಗಬಹುದು, ಮನೆಗೆಲಸಕ್ಕೆ ಜನ ಸಿಗಬಹುದು, ಪುಣ್ಯ ಮಾಡಿದ್ದರೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾರು ನಿಲ್ಲಿಸಲು ಜಾಗವೂ ಸಿಗಬಹುದು. ನಂಬಿಕಸ್ಥ ಮೆಕ್ಯಾನಿಕ್ ಸಿಗಬೇಕಾದರೆ ಮಾತ್ರ ಹಿಂದಿನ ಜನ್ಮದಲ್ಲಿ ಏನಾದರೂ ದೊಡ್ಡ ದಾನ ಮಾಡಿರಬೇಕು. ಹಂಸಾ ಅಂಥ ದಾನ ಮಾಡಿದ್ದಳೋ ಇಲ್ಲವೋ, ಅವಳಿಗೆ ಒಬ್ಬ ಸಿಕ್ಕಿದ. ಸಿಗುವ ಮೊದಲು ಪಟ್ಟ ಪಾಡು ಒಂದಾದರೆ, ಸಿಕ್ಕ ಮೇಲೆ ಪಟ್ಟ ಪಾಡು ಇನ್ನೊಂದು.

ಎಲ್ಲಕ್ಕೂ ಕಾರಣ ಒಂದು ಸದ್ದು. ಅದು ಶುರುವಾದದ್ದು ಯುಗಾದಿ ಕಳೆದ ಮೇಲೆ. ಕೋಣನಕುಂಟೆಯ ಅಪಾರ್ಟ್‌ಮೆಂಟಿನಿಂದ ಹೊರಟು, ಕನಕಪುರ ರಸ್ತೆ ಹಿಡಿದು, ಸಾರಕ್ಕಿ ಸಿಗ್ನಲ್ಲಿನಲ್ಲಿ ಒಂದಿಷ್ಟು ಆಯುಷ್ಯ ಕಳೆದು, ಬನಶಂಕರಿ ದಾಟಿ ಜಯನಗರ ಸೇರುವುದು ಅವಳ ದಿನನಿತ್ಯದ ದಾರಿ. ಒಂದು ಬೆಳಿಗ್ಗೆ ಮನೆಯ ತಿರುವಿನ ಹಂಪ್ ಹತ್ತಿ ಇಳಿಯುವಾಗ ಎಡಗಡೆ ಎಲ್ಲೋ ಕಟಕಟ ಎಂದಿತು. ಡಬ್ಬಿಯ ತಳದಲ್ಲಿ ಉಳಿದ ನಾಲ್ಕು ಕಡಲೆಕಾಳು ಅಲ್ಲಾಡಿದ ಹಾಗೆ. ಮುಂದಿನ ಗುಂಡಿಯಲ್ಲಿ ಮತ್ತೆ ಬಂತು. ನಮ್ಮ ರಸ್ತೆಗಳಲ್ಲಿ ಗುಂಡಿಗೇನು ಬರವೇ? ಜಯನಗರ ಬರುವ ಹೊತ್ತಿಗೆ ಹಂಸಾಳ ತಲೆ ಕೆಟ್ಟು ಹೋಗಿತ್ತು.

ಬೇರೆ ಯಾರಾದರೂ ಆಗಿದ್ದರೆ ರೇಡಿಯೋ ಜೋರು ಮಾಡಿ ಸುಮ್ಮನಾಗುತ್ತಿದ್ದರು. ಹಂಸಾ ಸುಮ್ಮನಾಗುವವಳಲ್ಲ, ಯಾಕೆಂದರೆ ಸಣ್ಣ ಸದ್ದುಗಳೇ ಅವಳ ಕಸುಬು. ಜಯನಗರದ ಒಂದು ಕಿವಿ ಮೂಗು ಗಂಟಲಿನ ಕ್ಲಿನಿಕ್ಕಿನಲ್ಲಿ ಜನರ ಕಿವಿ ಪರೀಕ್ಷೆ ಮಾಡುತ್ತಾಳೆ. ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಬಂದವರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, "ಬೀಪ್ ಅಂತ ಕೇಳಿಸಿದ್ರೆ ಒತ್ತಿ, ಕೇಳಿಸದಿದ್ರೆ ಸುಮ್ಮನಿರಿ" ಎಂದು ಹೇಳಿ ಬಾಗಿಲು ಹಾಕುತ್ತಾಳೆ. ಹೊರಗೆ ಯಂತ್ರದ ಮುಂದೆ ಕೂತು ಸದ್ದನ್ನು ಇಳಿಸುತ್ತಾ ಹೋಗುತ್ತಾಳೆ. ವರ್ಷಗಟ್ಟಲೆ ಹೀಗೆ ಕೂತು ಐವತ್ತು ದಾಟಿದ್ದಾಳೆ. ಮದುವೆಯಾಗಿಲ್ಲ. ಯಾಕೆ ಎಂದು ಕೇಳುತ್ತಿದ್ದವರು ಕೂಡ ಈಗ ಕೇಳುವುದನ್ನು ಬಿಟ್ಟಿದ್ದಾರೆ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅವಳು, ಮಿಕ್ಸಿ, ಫ್ರಿಜ್ಜು, ಇಷ್ಟೇ ಸಂಸಾರ.

ಮೊದಲು ಹೋದದ್ದು ಕಂಪನಿಯ ಸರ್ವಿಸ್ ಸೆಂಟರಿಗೆ. ಗಾಜಿನ ಗೋಡೆ, ಎಸಿ, ಮೆಷಿನ್ ಕಾಫಿ, ಟೈ ಕಟ್ಟಿದ ಹುಡುಗ. ಇಬ್ಬರು ಕಾರು ಹತ್ತಿ ಒಂದು ರೌಂಡು ಹೋಗಿ ಬಂದರು. "ಸೌಂಡ್ ಏನೂ ಬರ್ತಿಲ್ಲ ಮೇಡಂ. ಆದ್ರೂ ಸಸ್ಪೆನ್ಷನ್ ವೀಕ್ ಇದೆ, ಚೇಂಜ್ ಮಾಡಿಬಿಡೋಣ" ಎಂದರು. ಇಲ್ಲದ ಸದ್ದಿಗೆ ಇರುವ ದುಡ್ಡು ಕೊಟ್ಟು ಹೊರಗೆ ಬಂದರೆ, ಅವರ ಗೇಟಿನ ಹಂಪಿನ ಮೇಲೆಯೇ ಕಟಕಟ. ಆಮೇಲೆ ಅಪಾರ್ಟ್‌ಮೆಂಟಿನ ವಾಟ್ಸಪ್ ಗುಂಪಿನವರು ಒಕ್ಕೊರಲಿನಿಂದ ಹೊಗಳಿದ ಜೆ.ಪಿ. ನಗರದ ಮೆಕ್ಯಾನಿಕ್. ಆತ ಕಾರನ್ನು ಓಡಿಸಲೂ ಇಲ್ಲ, ಬಾನೆಟ್ ಮೇಲೆ ಕೈಯಿಟ್ಟು ನಾಟಿ ವೈದ್ಯರ ಹಾಗೆ ಕಣ್ಣು ಮೇಲೆ ಮಾಡಿ, "ಲಿಂಕ್ ರಾಡ್ ಹೋಗಿದೆ" ಎಂದ. ಹೊಸ ಲಿಂಕ್ ರಾಡ್ ಬಂತು. ಕನ್ನಡಿಯ ಮೇಲೆ ಮೊದಲಿಲ್ಲದ ಒಂದು ಗೀರೂ ಬಂತು. ಸದ್ದು ಮಾತ್ರ ತವರುಮನೆಗೆ ಬಂದ ಮಗಳ ಹಾಗೆ ಆರಾಮವಾಗಿ ಅಲ್ಲೇ ಇತ್ತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತೋರಿಸೋಣ ಎಂದುಕೊಂಡಳು. ಬರೀ ಬಿಎಂಟಿಸಿ ಬಸ್ಸಿನ ಹಾರ್ನು ರೆಕಾರ್ಡಾಗಿತ್ತು.

ಇಂಥದ್ದನ್ನೆಲ್ಲ ಹೇಳಿಕೊಂಡು ನಗಲು ಜಯದೇವಿ ಇರಬೇಕಿತ್ತು. ಜಯದೇವಿ ಪಕ್ಕದ ರಸ್ತೆಯವಳು, ಕೆಲಸ ಜಯನಗರದ ಬ್ಯಾಂಕಿನಲ್ಲಿ. ಈ ಕಾರು ಬಂದಾಗಿನಿಂದ ಇಬ್ಬರೂ ಒಟ್ಟಿಗೇ ಹೋಗಿ ಬರುತ್ತಿದ್ದರು. ಜಯದೇವಿ ಬಾಗಿಲು ತೆಗೆದು ಕೂತಳೆಂದರೆ ಮ್ಯಾನೇಜರಿನ ಮೇಲಿನ ಸಿಟ್ಟು, ಹಿಂದಿನ ರಾತ್ರಿಯ ಧಾರಾವಾಹಿ, ಮಗಳು ಅರ್ಪಿತಳ ಹಟ, ಒಂದರ ಹಿಂದೆ ಒಂದು ಬರುತ್ತಿದ್ದವು. ಸಾರಕ್ಕಿಯಲ್ಲಿ ಕಾರು ನಿಂತರೆ ಡಬ್ಬಿ ಬಿಚ್ಚಿ, "ಹೋಳಿಗೆ ತಿನ್ನು, ಹೇಗೂ ಇಲ್ಲೇ ಸಂಸಾರ ಹೂಡಬೇಕು" ಎಂದು ಬಾಯಿಗೇ ಇಡುತ್ತಿದ್ದಳು. ಯುಗಾದಿಯಾದ ಮೇಲೆ ಒಂದು ಸಂಜೆ ಫೋನು ಮಾಡಿದಳು.

"ಬೇಜಾರ್ ಮಾಡ್ಕೋಬೇಡ ಕಣೆ ಹಂಸಾ. ಅರ್ಪಿತಂಗೆ ಮೆಟ್ರೋ ಲೈನಲ್ಲೇ ಕೆಲಸ ಸಿಕ್ಕಿದೆ. ಅವಳ ಜೊತೇಲೇ ಹೋಗಿಬಿಡ್ತೀನಿ. ಈ ಟ್ರಾಫಿಕ್ಕಲ್ಲಿ ನನ್ನ ಮಂಡಿ ಹಿಡ್ಕೊಂಡ್ಬಿಡತ್ತೆ."

"ಅಯ್ಯೋ, ಅದಕ್ಕೇನಂತೆ, ಹೋಗು. ನನಗೂ ಸುತ್ತು ತಪ್ತು" ಎಂದಳು ಹಂಸಾ.

ಸುತ್ತು ಎಲ್ಲಿಂದ ಬಂತು? ಪಕ್ಕದ ರಸ್ತೆ. ಜಂಬದ ಮಾತು ಅದು, ಬಾಯಿಂದ ಬಿದ್ದು ಹೋಯಿತು. ಜಯದೇವಿಯೂ ನಕ್ಕು ಫೋನಿಟ್ಟಳು. ಜಗಳವಿಲ್ಲ, ಮುನಿಸಿಲ್ಲ, ಯಾರದೂ ತಪ್ಪಿಲ್ಲ. ತಪ್ಪು ಯಾರದಾದರೂ ಇದ್ದರೆ ಬೈದುಕೊಂಡಾದರೂ ಹೊತ್ತು ಕಳೆಯಬಹುದು. ಅದಾದ ಮೇಲೆ ವಾಟ್ಸಪ್ಪಿನಲ್ಲಿ ಹಬ್ಬದ ಶುಭಾಶಯ, ಎದುರು ಸಿಕ್ಕರೆ "ಬಾರೇ ಮನೆಗೆ", "ನೀನು ಬಾರೇ". ಅಷ್ಟೇ.

ಯಲ್ಲಯ್ಯನ ಹೆಸರು ಹೇಳಿದವರು ಶಂಭುಲಿಂಗಪ್ಪನವರು. ಅವರು ಕ್ಲಿನಿಕ್ಕಿಗೆ ಆಗಾಗ ಬರುವ ಹಿರಿಯರು. ಕಿವಿ ಮುಕ್ಕಾಲು ಹೋಗಿದೆ. ಪರೀಕ್ಷೆಗೆ ಕೂತರೆ ಬೀಪ್ ಬರಲಿ ಬಿಡಲಿ, ಗುಂಡಿ ಒತ್ತುತ್ತಲೇ ಇರುತ್ತಾರೆ. ಯಂತ್ರವನ್ನೇ ನಿಲ್ಲಿಸಿದಾಗಲೂ ಒತ್ತುತ್ತಾರೆ. ಹಂಸಾಗೆ ಆವತ್ತು ರೇಗಿ ಹೋಯಿತು. ಬಾಗಿಲು ತೆಗೆದು ಕಿವಿಯ ಹತ್ತಿರ ಬಗ್ಗಿ, "ಕೇಳಿಸದೇ ಯಾಕೆ ಸಾರ್ ಒತ್ತೀರಿ?" ಎಂದು ಕೂಗಿದಳು.

ಅವರು ಮಗುವಿನ ಹಾಗೆ ನಕ್ಕರು. "ಒತ್ತದಿದ್ರೆ ಮುಗೀತು ಅಂತ ನೀವು ಎದ್ದುಬಿಡ್ತೀರಲ್ಲಮ್ಮ. ಒತ್ತಿದ್ರೆ ಇನ್ನೂ ಸ್ವಲ್ಪ ಹೊತ್ತು ಕೂತಿರ್ತೀರಿ."

ಹಂಸಾ ಫಲಿತಾಂಶದ ಹಾಳೆಯಲ್ಲಿ 'ನಂಬಲರ್ಹವಲ್ಲ' ಎಂದು ಬರೆದಳು. ನಿಯಮ ಹಾಗೇ ಇದೆ. ಅವರನ್ನು ಮೆಟ್ಟಿಲವರೆಗೆ ಕೈ ಹಿಡಿದು ಬಿಡುವಾಗ ಯಾವುದೋ ಮಾತಿಗೆ ತನ್ನ ಕಾರಿನ ರಾಮಾಯಣ ಹೇಳಿದಳು. ಅವರಿಗೆ ಎಷ್ಟು ಕೇಳಿಸಿತೋ, "ಅಂಜನಾಪುರದ ಕಡೆ ಯಲ್ಲಯ್ಯ ಅಂತ ಇದಾನೆ, ಹೋಗಿ. ಇದ್ರೆ ಇದೆ ಅಂತಾನೆ, ಇಲ್ಲ ಅಂದ್ರೆ ಇಲ್ಲ ಅಂತಾನೆ. ನನ್ನ ಕಾರು ಅವನು ಬಿಟ್ರೆ ಇನ್ನೊಬ್ರು ಮುಟ್ಟಿಲ್ಲ" ಎಂದರು.

ಒಂದು ಶನಿವಾರ ಮಧ್ಯಾಹ್ನ ಹುಡುಕಿಕೊಂಡು ಹೋದಳು. ಒಳರಸ್ತೆಯಲ್ಲಿ ಹೊಂಗೆ ಮರದ ಕೆಳಗೆ ತಗಡಿನ ಗ್ಯಾರೇಜು. ಗೋಡೆಯ ಮೇಲೆ ಟೈರ್ ಕಂಪನಿಯ ಕ್ಯಾಲೆಂಡರು, ಪಕ್ಕದಲ್ಲಿ ಬುದ್ಧನ ಪಟ. ಯಲ್ಲಯ್ಯನಿಗೆ ಅವಳದೇ ವಯಸ್ಸಿರಬೇಕು. ಜೊತೆಗೆ ಕೆಲಸ ಮಾಡುವವನು ಮಹೇಶ, ಮೀಸೆ ಹುರಿಮಾಡಿದ, ಬಾಯಿ ಜೋರಿರುವ ಆಸಾಮಿ. ಹಂಸಾ ಕಾರಿನ ಕೀಲಿ ಚಾಚಿದಳು. ಯಲ್ಲಯ್ಯ ತೆಗೆದುಕೊಳ್ಳಲಿಲ್ಲ.

"ಗಿರಾಕಿ ಗಾಡೀನ ರೋಡಲ್ಲಿ ನಾನ್ ಓಡ್ಸಲ್ಲ ಮೇಡಂ. ಓಡ್ಸೋರ ಕಾಲಲ್ಲೇ ಅರ್ಧ ಸೌಂಡು ಇರ್ತದೆ. ನನ್ ಕಾಲಿಗೆ ಒಂದು ಸೌಂಡು, ನಿಮ್ ಕಾಲಿಗೆ ಒಂದು ಸೌಂಡು. ನೀವು ದಿನಾ ಓಡ್ಸೋ ಹಂಗೇ ಓಡ್ಸಿ. ನಾನು ಪಕ್ಕ ಕೂತು ಕೇಳ್ತೀನಿ."

ಸೀಟಿನ ಮೇಲೆ ಒಂದು ಹಳೇ ಪಂಚೆ ಹಾಸಿ ಕೂತ. ಲೇಔಟಿನ ಸುತ್ತ ಒಂದು ರಸ್ತೆಯಿದೆ, ಹಂಪ್‌ಗಳಿಗೆ ಹೆಸರಾದದ್ದು. ಯಲ್ಲಯ್ಯ ಕಣ್ಣು ಮುಚ್ಚಿಕೊಂಡು, ಕತ್ತು ಸ್ವಲ್ಪ ಓರೆ ಮಾಡಿ ಕೂತುಬಿಟ್ಟ. ಮಾತಿಲ್ಲ. ಫೋನಿಲ್ಲ. ಅವಳಿಗೆ ಕೇಳಿಸುತ್ತಿದ್ದುದನ್ನು ತಾನೂ ಕೇಳಬೇಕೆಂದು ಒಬ್ಬ ಮನುಷ್ಯ ಅಷ್ಟು ಗಮನ ಕೊಟ್ಟು ಪಕ್ಕದಲ್ಲಿ ಕೂತದ್ದನ್ನು ಹಂಸಾ ನೋಡಿಯೇ ಇರಲಿಲ್ಲ. ಬೇರೆಯವರ ಪಾಲಿಗೆ ತಾನು ಮಾಡುವ ಕೆಲಸ ಅದು. ತನಗೆ ಯಾರೂ ಮಾಡಿರಲಿಲ್ಲ.

ಎಲ್ಲಾ ಹಂಪುಗಳೂ ಮುಗಿದವು. ಕಾರು ಪಿಟಿಕ್ ಎನ್ನಲಿಲ್ಲ.

"ಇಲ್ಲ ಮೇಡಂ. ನಂಗೇನೂ ಕೇಳಿಸ್ಲಿಲ್ಲ. ಕೇಳಿಸ್ದೇ ಸ್ಪ್ಯಾನರ್ ಹಾಕಲ್ಲ ನಾನು" ಎಂದು ಪಂಚೆ ಮಡಿಸಿಕೊಂಡು ಇಳಿದ. ಹಂಸಾ ಪರ್ಸು ತೆಗೆದರೆ, "ಏನ್ ಮಾಡಿದೀನಿ ಅಂತ ಈಸ್ಕೊಳ್ಳಲಿ?" ಎಂದ.

ಊರಿಗೆ ಒಬ್ಬ ಸತ್ಯವಂತ ಸಿಕ್ಕಿದ ಎಂದು ಅವಳಿಗೆ ಹಿಗ್ಗಾಯಿತು. ಆ ಹಿಗ್ಗಿನಲ್ಲೇ ಹೊರಟು ಮೊದಲ ಹಂಪ್ ಹತ್ತಿದಳು. ಕಟಕಟ. "ನಿನ್ ಮನೆ ಹಾಳಾಗ!" ಎಂದು ಕಾರಿಗೆ ಬೈದಳು. ವಾಪಸ್ಸು ತಿರುಗಿಸಿದಳು. ಯಲ್ಲಯ್ಯ ಮತ್ತೆ ಪಂಚೆ ಹಾಸಿ ಕೂತ. ಕಾರು ಮತ್ತೆ ದೇವರ ಮುಂದಿನ ದೀಪದಷ್ಟು ಸಾಧುವಾಗಿ ಓಡಿತು.

ಆಮೇಲೆ ಶನಿವಾರ ಬಂದರೆ ಅವಳ ಕಾರು ಅಂಜನಾಪುರದ ಕಡೆ ತಾನೇ ತಿರುಗತೊಡಗಿತು. ಯಲ್ಲಯ್ಯ ಒಂದು ಸಲವೂ ಮುಖ ಸಿಂಡರಿಸಲಿಲ್ಲ. "ಯಾವ ಗೇರಲ್ಲಿ ಬತ್ತದೆ? ಬೆಳಿಗ್ಗೆ ಜಾಸ್ತಿನಾ, ಸಂಜೆ ಜಾಸ್ತಿನಾ? ಮಳೆ ಬಂದ್ರೆ?" ಎಂದು ವೈದ್ಯರೂ ಕೇಳದಷ್ಟು ಕೇಳುತ್ತಿದ್ದ. ಕೆಳಗೆ ಮಲಗಿ ನೋಡಿದ, ಡೋರಿನ ರಬ್ಬರು ಒತ್ತಿ ನೋಡಿದ, ಡ್ಯಾಶ್‌ಬೋರ್ಡು ತಟ್ಟಿ ನೋಡಿದ. ಸಿಗಲಿಲ್ಲ. ಸುತ್ತು ಹೊಡೆಯುವಾಗ ಹಂಸಾ ಒಂದೆರಡು ಮಾತಾಡಲು ಶುರುಮಾಡಿದಳು. ಅಮ್ಮನಿಗೆ ಈ ಕಾರು ಹತ್ತಿದರೆ ತಲೆಸುತ್ತು ಬರುತ್ತಿದ್ದುದು, ಮೇಲಿನ ಮನೆಯವರು ಕುಂಡಕ್ಕೆ ನೀರು ಹಾಕಿ ಇವಳ ಬಟ್ಟೆಗೆ ಕೆಸರು ಮಾಡುವುದು. ಯಲ್ಲಯ್ಯ ಕಣ್ಣು ಮುಚ್ಚಿಕೊಂಡೇ ಹೂಂಗುಟ್ಟುತ್ತಿದ್ದ. ಆ ಹೂಂ ಕಾರಿಗೋ ತನಗೋ ಎಂದು ಹಂಸಾಗೆ ತಿಳಿಯುತ್ತಿರಲಿಲ್ಲ. ಯಾರಿಗಾದರೂ ಇರಲಿ, ಹೂಂ ಎನ್ನುವವರು ಒಬ್ಬರಿದ್ದರಲ್ಲ. ಕೊನೆಯ ಹಂಪ್ ಬಂದಾಗ ಇನ್ನೊಂದು ಹಂಪ್ ಇರಬಾರದಿತ್ತೇ ಎನಿಸುತ್ತಿತ್ತು. ಹೀಗೆ ಹಂಪಿಗಾಗಿ ಆಸೆಪಟ್ಟವರು ಬೆಂಗಳೂರಿನಲ್ಲಿ ಅವಳೊಬ್ಬಳೇ ಇರಬೇಕು.

ಶ್ರಾವಣದ ಒಂದು ಶನಿವಾರ ಗ್ಯಾರೇಜಿನ ಮುಂದೆ ಲಾರಿಯೊಂದು ಅಡ್ಡ ನಿಂತಿತ್ತು. ಹಂಸಾ ಕಾರನ್ನು ದೂರದಲ್ಲೇ ನಿಲ್ಲಿಸಿ ನಡೆದು ಬಂದಳು. ಲಾರಿಯ ಆಚೆಯಿಂದ ಮಹೇಶನ ದನಿ ಕೇಳಿಸಿತು.

"ಅಣ್ಣ, ಇವತ್ತೂ ಬತ್ತಾರೆ ನೋಡು ಆಯಮ್ಮ. ಆ ಗಾಡೀಲಿ ಸೌಂಡೂ ಇಲ್ಲ, ಗೀಂಡೂ ಇಲ್ಲ. ಮನೇಲಿ ಮಾತಾಡ್ಸೋಕೆ ಯಾರೂ ಇಲ್ವೇನೋ ಪಾಪ, ಅದ್ಕೇ ಇಲ್ಲಿಗೆ ಬತ್ತಾರೆ."

ಹಂಸಾ ನಿಂತಲ್ಲೇ ನಿಂತಳು. ಈಗ ಯಲ್ಲಯ್ಯ ಅವನಿಗೆ ಒಂದು ಬಿಡುತ್ತಾನೆ, "ಸುಮ್ಕಿರ್ಲಾ, ಅಂಗೆಲ್ಲ ಅನ್ಬಾರ್ದು" ಎನ್ನುತ್ತಾನೆ ಎಂದು ಕಾದಳು. ಅವಳ ಕಿವಿಗೆ ಸಣ್ಣ ಸದ್ದೂ ತಪ್ಪುವುದಿಲ್ಲ. ಆಚೆ ಕಡೆಯಿಂದ ಸ್ಪ್ಯಾನರ್ ತಿರುಗುವ ಸದ್ದು ಬಂತೇ ಹೊರತು ಮಾತು ಬರಲಿಲ್ಲ. ಇಲ್ಲದ್ದನ್ನು ಇಲ್ಲ ಎನ್ನುವ ಮನುಷ್ಯ, ಇದಕ್ಕೆ ಇಲ್ಲ ಎನ್ನಲಿಲ್ಲ.

ಅವಳು ಹೆಜ್ಜೆ ಸಪ್ಪಳವಾಗದಂತೆ ಹಿಂತಿರುಗಿದಳು. ಕಾರಿನಲ್ಲಿ ಕೂತು ಎಷ್ಟೋ ಹೊತ್ತು ಕೀಲಿ ತಿರುಗಿಸಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮಹೇಶ ಹೇಳಿದ್ದರಲ್ಲಿ ಅರ್ಧ ನಿಜವಾಗಿರದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಆದರೆ ಇನ್ನರ್ಧ? ಸದ್ದು ಇದೆಯಲ್ಲ! ಅದನ್ನು ಅವಳು ಕಟ್ಟಿ ಹೇಳಿರಲಿಲ್ಲವಲ್ಲ! ಯಾರಾದರೂ ಒಬ್ಬರು, ಒಂದೇ ಒಂದು ಸಲ, "ಹೌದು, ನನಗೂ ಕೇಳಿಸಿತು" ಎಂದಿದ್ದರೆ ಸಾಕಿತ್ತು.

ಅವತ್ತಿನಿಂದ ಗ್ಯಾರೇಜಿಗೆ ಹೋಗುವುದನ್ನು ಬಿಟ್ಟಳು. ಕಾರು ಕಟಕಟ ಎಂದಾಗಲೆಲ್ಲ ತನ್ನ ಕಿವಿಯ ಮೇಲೆಯೇ ಅನುಮಾನ ಬರತೊಡಗಿತು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಕ್ಲಿನಿಕ್ಕಿನ ಗಾಜಿನ ಕೋಣೆಯೊಳಗೆ ತಾನೇ ಹೋಗಿ ಕೂತಳು. ಹೆಡ್‌ಫೋನ್ ಹಾಕಿಕೊಂಡು ಗುಂಡಿ ಕೈಯಲ್ಲಿ ಹಿಡಿದಳು. ಆಗ ಹೊಳೆಯಿತು, ಹೊರಗೆ ಯಂತ್ರ ನಡೆಸುವವರು ಯಾರು? ಒಳಗೆ ಕೂರುವವಳೂ ತಾನೇ, ಹೊರಗೆ ಕೂರಬೇಕಾದವಳೂ ತಾನೇ. ಗಾಜಿನ ಆಚೆ ಖಾಲಿ ಕುರ್ಚಿ ಕಾಣುತ್ತಿತ್ತು. ಅವಳಿಗೆ ಅಳು ಬಂತು. ಆ ಕೋಣೆಯಲ್ಲಿ ಅತ್ತರೆ ಹೊರಗೆ ಕೇಳಿಸುವುದಿಲ್ಲ, ಅದೊಂದು ಅನುಕೂಲ.

ಆಯುಧಪೂಜೆಯ ಹಿಂದಿನ ದಿನ ಯಲ್ಲಯ್ಯನೇ ಫೋನು ಮಾಡಿದ.

"ಮೇಡಂ, ನಿಮ್ ಗಾಡಿ ಆಯಿಲ್ ಬದಲಾಯ್ಸೋ ಟೈಮಾಯ್ತು. ಬರ್ಲೇ ಇಲ್ವಲ್ಲ. ಹಬ್ಬಕ್ಕೆ ಮುಂಚೆ ತನ್ನಿ, ಮಾಡಿಕೊಡ್ತೀನಿ."

ಹೋಗಬಾರದು ಎಂದುಕೊಂಡಳು. ಹೋದಳು. ಹಟ ಹಿಡಿದು ಕೂರಲು ಎದುರಿಗೆ ಮನುಷ್ಯರಾದರೂ ಇರಬೇಕು, ಖಾಲಿ ಮನೆಯಲ್ಲಿ ಹಟ ಮಾಡಿ ಯಾರಿಗೆ ತೋರಿಸುವುದು? ಕ್ಲಿನಿಕ್ಕಿನಿಂದ ಹೋಗುವ ದಾರಿಯಲ್ಲಿ ಬನಶಂಕರಿಯ ಮಾರ್ಕೆಟ್ಟಿನಲ್ಲಿ ಕಾರಿನ ಪೂಜೆಗೆಂದು ಎರಡು ಮಾರು ಸೇವಂತಿಗೆ ಹೂ ತಗೊಂಡು, ಬಾಳೆಲೆಯ ಮೇಲೆ ಹರಡಿ ಎಡಗಡೆಯ ಸೀಟಿನ ಮೇಲಿಟ್ಟಳು. ಸದ್ದಿನ ಮಾತೆತ್ತಬಾರದು ಎಂದು ದಾರಿಯುದ್ದಕ್ಕೂ ಮನಸ್ಸಿಗೆ ಪಾಠ ಹೇಳಿಕೊಂಡೇ ಬಂದಳು.

ಹಬ್ಬದ ಮುನ್ನಾದಿನ, ಗ್ಯಾರೇಜಿನ ತುಂಬಾ ಜನ. ಆಯಿಲ್ ಬದಲಾಯಿಸಿ ಬಾನೆಟ್ ಮುಚ್ಚಿದ ಯಲ್ಲಯ್ಯ ಕೇಳಿದ, "ಸೌಂಡು ಏನಾಯ್ತು ಮೇಡಂ?"

"ಹೋಯ್ತು" ಎಂದಳು ಹಂಸಾ.

ಯಲ್ಲಯ್ಯ ಅವಳ ಮುಖ ನೋಡಿದ. "ತಾನಾಗಿ ಬಂದಿದ್ದು ತಾನಾಗಿ ಹೋಗಲ್ಲ. ನಡೀರಿ, ಒಂದು ಸುತ್ತು ನೋಡಾನ."

"ಬೇಡ ಯಲ್ಲಯ್ಯನವರೇ. ನಿಮಗೂ ಕೆಲಸ ಇದೆ."

ಅವನು ಕೇಳಿಸಿಕೊಳ್ಳಲಿಲ್ಲ. ಎಡಗಡೆಯ ಬಾಗಿಲು ತೆಗೆದ, ಹೂ ನೋಡಿದ, ಎಣ್ಣೆ ಮೆತ್ತಿದ ತನ್ನ ಕೈ ನೋಡಿಕೊಂಡ. "ಪೂಜೆ ಹೂವು. ಈ ಕೈಯಲ್ಲಿ ಮುಟ್ಟಲ್ಲ" ಎಂದು ಮುಚ್ಚಿ, ಪಂಚೆ ತಗೊಂಡು ಹಿಂದಿನ ಸೀಟಿಗೆ ಹೋಗಿ ಕೂತ.

ಮೊದಲ ಹಂಪ್ ಇಳಿಯುತ್ತಿದ್ದಂತೆ ಕಟಕಟ ಎಂದಿತು.

ಹಂಸಾ ಕನ್ನಡಿಯಲ್ಲಿ ನೋಡಿದಳು. ಯಲ್ಲಯ್ಯನ ಕಣ್ಣು ತೆರೆದಿತ್ತು.

"ಬಂತು" ಎಂದ ಅವನು.

"ಕೇಳಿಸ್ತಾ? ನಿಮಗೆ ಕೇಳಿಸ್ತಾ?" ಎಂದಳು ಹಂಸಾ.

"ಕೇಳಿಸ್ತು ಮೇಡಂ. ಹಂಗೇ ಓಡ್ಸಿ."

ಮುಂದಿನ ಹಂಪಿನಲ್ಲಿ ಮತ್ತೆ ಬಂತು. ಅವನು ಮುಂದೆ ಬಾಗಿ, ಎಡಗಡೆಯ ಸೀಟಿನ ಬೆನ್ನನ್ನು ಮುಂಗೈಯಿಂದ ಅದುಮಿ ಹಿಡಿದ. ಆಮೇಲಿನ ಹಂಪಿನಲ್ಲಿ ಸದ್ದಿಲ್ಲ. ಕೈ ತೆಗೆದ. ಕಟಕಟ. ಮತ್ತೆ ಅದುಮಿದ. ಸದ್ದಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಸೀಟೇ ಸದ್ದು ಮಾಡುತ್ತಿತ್ತು. ಸದ್ದು ಕೇಳಲೆಂದು ಯಲ್ಲಯ್ಯ ಇಷ್ಟು ದಿನ ಹೋಗಿ ಕೂತದ್ದು ಅದೇ ಸೀಟಿನ ಮೇಲೆ.

"ಥೂ ನನ್ನ!" ಎಂದು ಹಣೆ ಚಚ್ಚಿಕೊಂಡು ನಕ್ಕ. "ನಾನ್ ಕೂತ್ಕಂಡ್ರೆ ಭಾರಕ್ಕೆ ಸೀಟು ಅಲ್ಲಾಡಲ್ಲ. ಎದ್ರೆ ಅಲ್ಲಾಡ್ತದೆ. ಇಷ್ಟು ವರ್ಷ ಪಕ್ಕ ಕೂತು ಕೇಳಾದೇ ಸರಿ ಅನ್ಕೊಂಡಿದ್ನಲ್ಲ ಮೇಡಂ, ನನ್ ಬುದ್ಧಿಗಿಷ್ಟು!"

ಹಂಸಾ ಕೂಡ ನಕ್ಕಳು. ತಿಂಗಳುಗಟ್ಟಲೆ ಹೊತ್ತ ಭಾರ ಇಳಿದಂತಾಗಿತ್ತು. ತನ್ನ ಕಿವಿ ಸರಿಯಿದೆ, ತಲೆ ಸರಿಯಿದೆ, ತಾನು ಸುಳ್ಳು ಹೇಳಿರಲಿಲ್ಲ. ಗ್ಯಾರೇಜಿಗೆ ಬಂದು ಕಾರು ನಿಲ್ಲಿಸಿದವಳು ಮಹೇಶನ ಕಡೆ ಒಂದು ಸಲ ನೋಡಿಯೂ ನೋಡಿದಳು, ಈಗ ಏನಂತೀಯೋ ಎನ್ನುವ ಹಾಗೆ.

ಯಲ್ಲಯ್ಯ ಕೈ ತೊಳೆದು ಬಂದು, ಬಾಳೆಲೆಯ ಸಮೇತ ಹೂವನ್ನು ಹಿಂದಕ್ಕೆ ಸರಿಸಿ, ಸೀಟಿನ ಕೆಳಗೆ ಟಾರ್ಚ್ ಬಿಟ್ಟ. "ನೋಡಿ, ಈ ಬೋಲ್ಟು ಪೂರಾ ಸಡಿಲ ಆಗೋಗದೆ. ಇದು ನಿನ್ನೆ ಮೊನ್ನೇದಲ್ಲ ಮೇಡಂ. ತುಕ್ಕು ನೋಡಿ, ವರ್ಷಗಳಿಂದ ಹಿಂಗೇ ಐತೆ."

"ಸಾಧ್ಯವೇ ಇಲ್ಲ. ಸದ್ದು ಶುರುವಾಗಿದ್ದು ಯುಗಾದಿ ಆದ್ಮೇಲೆ."

"ಮೊದ್ಲೂ ಐತೆ. ಮೇಲೆ ಯಾರೋ ಕೂತಿರ್ತಿದ್ರು, ಅದ್ಕೇ ಗೊತ್ತಾಗಿಲ್ಲ." ಟಾರ್ಚ್ ಹಿಡಿದುಕೊಂಡೇ, ಕೆಲಸದ ಧ್ಯಾನದಲ್ಲೇ ಕೇಳಿದ, "ಯುಗಾದಿ ಆದ್ಮೇಲೆ ಈ ಸೀಟಲ್ಲಿ ಯಾರೂ ಕೂತೇ ಇಲ್ವಾ ಮೇಡಂ?"

ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಯಾವ ಗೇರಲ್ಲಿ ಬರುತ್ತದೆ ಎಂದು ಕೇಳಿದ ಹಾಗೇ ಇದನ್ನೂ ಕೇಳಿದ್ದ. ಕಾರು ತೊಳೆಸಲು ಬಂದವರು, ಹಾರ ಕಟ್ಟುತ್ತಿದ್ದವರು, ಎಲ್ಲರೂ ಇದ್ದರು. ಮಹೇಶ ಇದ್ದ. ಅವನು ತಟ್ಟನೆ ತಲೆ ತಗ್ಗಿಸಿ ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದ. ಅವನ ಜೋರುಬಾಯಿಗಿಂತ ಆ ತಗ್ಗಿದ ತಲೆ ಹಂಸಾಳನ್ನು ಹೆಚ್ಚು ಚುಚ್ಚಿತು.

"ನನ್ನ ಸ್ನೇಹಿತೆ ಕೂರ್ತಿದ್ಲು" ಎಂದಳು. "ಈಗ ಮೆಟ್ರೋದಲ್ಲಿ ಹೋಗ್ತಾಳೆ."

ಯಲ್ಲಯ್ಯನಿಗೆ ಆಗ ಅರ್ಥವಾಯಿತು. ಮುಖ ಸಣ್ಣದು ಮಾಡಿಕೊಂಡು, "ಹೂಂ" ಎಂದ. ಈ ಹೂಂ ಕಾರಿಗಲ್ಲ ಎಂದು ಹಂಸಾಗೆ ಗೊತ್ತಾಯಿತು.

ಕೆಲಸ ಬೇಗ ಮುಗಿಯಿತು. ಬೋಲ್ಟು ಬದಲಾಯಿಸಿ, ಬಿಗಿ ಮಾಡಿ, ಸೀಟನ್ನು ಹಿಡಿದು ಜಗ್ಗಿ ನೋಡಿ, ಹೂವನ್ನು ಮತ್ತೆ ಅದರ ಜಾಗಕ್ಕೇ ಇಟ್ಟ. ಹಂಸಾ ಅಭ್ಯಾಸಬಲದಿಂದ ಕಾಯುತ್ತಿದ್ದಳು, ಪಂಚೆ ತಗೊಂಡು ಬಂದು ಕೂರುತ್ತಾನೆಂದು. ಅವನು ಬಾಗಿಲು ಮುಚ್ಚಿದ.

"ಈ ಟ್ರಯಲ್ಲಿಗೆ ನಾನ್ ಬರಂಗಿಲ್ಲ ಮೇಡಂ. ನಾನು ಮುಂದೆ ಕೂತ್ರೆ ಸೌಂಡಿದ್ರೂ ಬರಲ್ಲ. ನೀವೊಬ್ರೇ ಹೋಗಿ ಬನ್ನಿ."

ಅವಳೊಬ್ಬಳೇ ಹೋದಳು. ಮೊದಲ ಹಂಪ್ ಇಳಿಯಿತು, ಏನೂ ಇಲ್ಲ. ಬೇಕೆಂದೇ ಗುಂಡಿಗೆ ಇಳಿಸಿದಳು, ಏನೂ ಇಲ್ಲ. ಸೇವಂತಿಗೆ ಹೂ ಅಲ್ಲಾಡಿತು, ಸದ್ದಿಲ್ಲ. ಇನ್ನು ಮೇಲೆ ಕೋಣನಕುಂಟೆಯಿಂದ ಜಯನಗರದವರೆಗೆ ಹೀಗೇ ಇರುತ್ತದೆ ಎಂದು ಅವಳಿಗೆ ಹೊಳೆಯಿತು. ದಾರಿಯುದ್ದಕ್ಕೂ ಬೈಯಲು ಇದ್ದ ಒಂದು ಸದ್ದೂ ಹೋಯಿತು. ಶನಿವಾರಗಳೂ ಹೋದವು. ಒಳ್ಳೆಯ ಮೆಕ್ಯಾನಿಕ್ ಎಂದರೆ ಯಾರು? ಅವನ ಹತ್ತಿರ ನಾವು ಮತ್ತೆ ಹೋಗದ ಹಾಗೆ ಮಾಡುವವನೇ ತಾನೇ? ಇಷ್ಟು ತಿಂಗಳು ಊ‌ರೆಲ್ಲ ಹುಡುಕಿ ಅವಳು ಸಂಪಾದಿಸಿದ್ದು ಅಂಥವನನ್ನೇ.

ಗ್ಯಾರೇಜಿನ ಮುಂದೆ ಕಾರು ನಿಂತಿತು. ಯಲ್ಲಯ್ಯ ಕಿಟಕಿಯ ಹತ್ತಿರ ಬಂದು ಬಗ್ಗಿದ.

"ಬಂತಾ ಮೇಡಂ?"

ಹಂಸಾ ಸ್ಟೇರಿಂಗ್ ಮೇಲಿನ ತನ್ನ ಹೆಬ್ಬೆರಳನ್ನು ನೋಡಿದಳು. ಶಂಭುಲಿಂಗಪ್ಪನವರ ಹೆಬ್ಬೆರಳು ನೆನಪಾಯಿತು, ನಿಂತ ಯಂತ್ರಕ್ಕೂ ಗುಂಡಿ ಒತ್ತುತ್ತಿದ್ದ ಬೆರಳು. ಅವರ ಹಾಳೆಯ ಮೇಲೆ ತಾನು ಬರೆದದ್ದೂ ನೆನಪಾಯಿತು.

"ಬಂತು" ಎಂದಳು.

ಮಹೇಶ ಗಾಜು ಒರೆಸುವುದನ್ನು ನಿಲ್ಲಿಸಿದ. "ಏಯ್, ಬೋಲ್ಟು ಟೈಟ್ ಮಾಡಿದ್ದು ನಾನೇ ನೋಡಿದ್ನಲ್ಲಣ್ಣ, ಅದೆಂಗೆ..."

"ನಿನ್ ಕೆಲಸ ನೋಡ್ಕೊಳ್ಳೋ" ಎಂದ ಯಲ್ಲಯ್ಯ.

ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದ. ಹೂವನ್ನು ಬಾಳೆಲೆಯ ಸಮೇತ ಎತ್ತಿ ಹಿಂದಿನ ಸೀಟಿಗಿಟ್ಟ. ಪಂಚೆ ಹಾಸಿ ಮುಂದೆಯೇ ಕೂತ. ಯಾವ ಸೀಟಿನಲ್ಲಿ ತಾನು ಕೂತರೆ ಸೌಂಡಿದ್ದರೂ ಬರುವುದಿಲ್ಲ ಎಂದು ಈಗ ತಾನೇ ಹೇಳಿದ್ದನೋ, ಅದೇ ಸೀಟಿನಲ್ಲಿ. ಹಂಸಾ ಕಾರು ಹೊರಡಿಸಿದಳು. ಅವನು ಕಣ್ಣು ಮುಚ್ಚಿಕೊಂಡು, ಕತ್ತು ಓರೆ ಮಾಡಿದ.

ಹಂಪ್ ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. ಕಾರಿನಲ್ಲಿ ಇಬ್ಬರು ಉಸಿರಾಡುವುದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಕೇಳಿಸ್ತೇನ್ರೀ?" ಎಂದಳು ಹಂಸಾ, ರಸ್ತೆ ನೋಡುತ್ತಲೇ.

"ಹೂಂ ಮೇಡಂ. ಸಣ್ಣಗೆ ಕೇಳಿಸ್ತು. ಬರೋ ಶನಿವಾರ ತನ್ನಿ, ನೋಡಾನ."

ಇಡೀ ಊರಿನಲ್ಲಿ ಅವಳಿಗೆ ಸಿಕ್ಕಿದ್ದ ಒಬ್ಬನೇ ಒಬ್ಬ ಸತ್ಯವಂತ ಮೆಕ್ಯಾನಿಕ್. ಅವನ ಬಾಯಿಂದಲೂ ಅವಳು ಸುಳ್ಳು ಹೇಳಿಸಿದ್ದಳು. ಹಂಸಾಳ ಕಣ್ಣು ತುಂಬಿ ರಸ್ತೆ ಮಸುಕಾಯಿತು. ಗೇರ್ ಇಳಿಸಿ, ಉಳಿದ ಹಂಪುಗಳನ್ನು ಒಂದೊಂದಾಗಿ, ಆದಷ್ಟು ನಿಧಾನವಾಗಿ ದಾಟಿಸಿದಳು.